ನಮ್ಮ ಚೈನಿಗೆ ಹೊಸ ನಾಣ್ಯ ಹುಟ್ಟಿಸಲಿಲ್ಲ

ಮಸ್ಕಿಯಲ್ಲಿ ಅಬ್ಬಾ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. ಆ ಅಂಗಡಿಯ ಹಿಂದಿನ ಕೋಣೆಯೇ ನನ್ನ ಆಫೀಸು. ಹೊರದೇಶದ ಒಂದು ತಂಡಕ್ಕೆ ಬ್ಲಾಕ್‌ಚೈನ್ ಕೆಲಸ ಮಾಡಿಕೊಡುತ್ತೇನೆ. ಸಂಬಳದ ಒಂದು ಪಾಲು ರೂಪಾಯಿಯಲ್ಲಿ ಬರುತ್ತದೆ, ಉಳಿದದ್ದು ಅವರು ಬಳಸುವ ಕ್ರಿಪ್ಟೊ ಟೋಕನ್ನಿನಲ್ಲಿ.

ಸಂತೆಕಲ್ಲೂರಿನ ಹೆಂಗಸರ ಬೀಜದ ಸಂಘಕ್ಕೆ ನಾನು ಕೈಹಾಕಿದ್ದು ಸಿಟ್ಟಿನಿಂದ. ಅವರು ಜೋಳ, ತೊಗರಿ ಬೀಜ ಕಾಪಾಡಿ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದರು. ಯಾರೋ ಸಂಘದ ಹೆಸರು ಅಂಟಿಸಿ ಕಳಪೆ ಬೀಜ ಮಾರಿದರು, ಬೈಗುಳ ಬಿದ್ದದ್ದು ಈ ಹೆಂಗಸರಿಗೆ. ಯಾವ ಚೀಲ ಯಾರ ಹೊಲದ್ದು ಎಂಬುದನ್ನು ಯಾರೂ ತಿದ್ದಲಾಗದ ಹಾಗೆ ಬರೆದಿಡಲು ಅವರದೇ ಒಂದು ಸಣ್ಣ ಬ್ಲಾಕ್‌ಚೈನ್ ಕಟ್ಟತೊಡಗಿದೆ. ಪ್ರತಿ ಬರಹಕ್ಕೂ ಚೂರು ಶುಲ್ಕ ಇರಲೇಬೇಕು, ಇಲ್ಲದಿದ್ದರೆ ಕಂಡವರೆಲ್ಲ ಕಸ ತುಂಬುತ್ತಾರೆ. ಆ ಶುಲ್ಕ ಯಾವ ನಾಣ್ಯದಲ್ಲಿ? ಜಗಳ ಹತ್ತಿದ್ದು ಅಲ್ಲೇ.

ಸರ್ವರಿನ ಖರ್ಚು ಕೊಡುತ್ತೇನೆಂದಿದ್ದ ಸಿಂಧನೂರಿನ ವ್ಯಾಪಾರಿಯೊಬ್ಬರು ತಮ್ಮ ಭತ್ತದ ಗೋದಾಮಿಗೆ ಕರೆಸಿದರು.

"ನಮ್ಮದ ಒಂದು ಕಾಯಿನ್ ಮಾಡವಾ. ಅರ್ಧ ನಾವು ಇಟ್ಕೊಳ್ಳೋಣು, ಅರ್ಧ ಮಂದಿಗೆ ಮಾರೋಣು. ನಮ್ಮ ಅಂಗಡಿ ಹೆಸರು ಇರ್ಲಿ ಅದಕ್ಕ."

"ಆಗೂದಿಲ್ರೀ," ಎಂದೆ. "ಹೊಸಾದು ಹುಟ್ಟಿಸಿದ್ರ ಅದರ ಬೆಲಿ ನೀವು ಹೇಳಿದಂಗ. ನಮ್ಮ ಹೊರದೇಶದ ತಂಡದವ್ರು ಬಳಸೋ, ಈಗಾಗ್ಲೇ ಮಂದಿ ಕೈಯಾಗ ಇರೋ ಟೋಕನ್ನ ಈ ಚೈನಿನ ನಾಣ್ಯ ಮಾಡಾಕತ್ತೀನಿ. ಆ ಹಳೇ ಚೈನಿನಾಗ ಎಷ್ಟು ಟೋಕನ್ ಕೀಲಿ ಹಾಕಿ ಇಡ್ತೀವೋ, ನಮ್ಮ ಚೈನಿನಾಗ ಅಷ್ಟ ಬರ್ತಾವು. ಬ್ಯಾಡ ಅಂದವ್ರು ವಾಪಸ್ ತಗೊಂಡು ಹೋಗಬೋದು."

"ರೊಕ್ಕ ನಂದು, ಮಾತು ನಿಂದೇನು?"

"ರೊಕ್ಕ ನಿಮ್ಮದರೀ. ಬೀಜ ಅವರದು."

ಬಸ್ಸು ಹತ್ತಿ ಮಸ್ಕಿಗೆ ಮರಳಿದೆ. ಮನೆಯಲ್ಲಿ ಅಮ್ಮಿ, "ಕೈಕು ಝಗಡಾ?" ಎಂದು, ಜಗಳ ಯಾಕೆ ಬೇಕಿತ್ತೆಂದು ಗದರಿದರು.

ಮುಂದಿನ ವಾರ ಸಂಘದ ಸಭೆಗೆ ಆ ವ್ಯಾಪಾರಿ ತಾವೇ ಕಾರಿನಲ್ಲಿ ಬಂದರು. ಎಲ್ಲರೆದುರು ನನ್ನತ್ತ ಬೆರಳು ತೋರಿಸಿದರು. "ಈಕಿ ಕಡೆ ಆ ಟೋಕನ್ ಬಾಳ ಅದಾವು. ಅವುಕ್ಕ ಗಿರಾಕಿ ಹೆಚ್ಚಿಸಿ ಬೆಲಿ ಏರಿಸಾಕ ನಿಮ್ಮನ್ನ ಹಿಡದಾಳ."

ಸಂಘದ ಹಿರಿಯಾಕೆ, ಕುರಿ ಕಾಯುವ ಮನೆಯವರು, ನನ್ನ ಮುಖ ನೋಡಿದರು. "ಖರೇ ಏನವಾ?"

ನನ್ನ ಬಳಿ ಟೋಕನ್ ಇದ್ದದ್ದು ನಿಜ. ಅದನ್ನು ನಾನಾಗಿಯೇ ಮೊದಲೇ ಹೇಳಬೇಕಿತ್ತು. ಹೇಳದೆ ಇದ್ದದ್ದಕ್ಕೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ರೋಷ ಬಂತು.

"ಅದಾವರೀ ಅಕ್ಕಾರ. ನನ್ನ ಪಗಾರದವು. ನೋಡ್ರಿ," ಎಂದು ಮೊಬೈಲು ಅವರ ಕೈಗಿಟ್ಟೆ. ಮೂವರು ಹೆಂಗಸರು ಒಪ್ಪಿದರೆ ಮಾತ್ರ ತೆರೆಯುವ ಸಂಘದ ಖಾತೆಯೊಂದನ್ನು ಮೊದಲೇ ಮಾಡಿಟ್ಟಿದ್ದೆ. ಮೊಬೈಲು ಅವರ ಕೈಯಲ್ಲಿದ್ದಂತೆಯೇ ಬೆರಳೊತ್ತಿ ನನ್ನಲ್ಲಿದ್ದ ಟೋಕನ್ ಅಷ್ಟನ್ನೂ ಅದಕ್ಕೆ ಕಳಿಸಿದೆ. "ಇನ್ನ ನನ್ನ ಕಡೆ ಒಂದೂ ಇಲ್ಲ. ಸಾಹುಕಾರ್ರ, ನಿಮ್ಮ ಅಂಗಡಿ ಹೆಸರಿನ ಕಾಯಿನ್ನಿನಾಗ ನೀವು ಕೇಳಿದ ಅರ್ಧ ಪಾಲು ಬಿಡ್ತೀರೇನು?"

ಅವರು ಕಾರಿನ ಕೀಲಿ ಕೈಗೆತ್ತಿಕೊಂಡರು. ಹಿರಿಯಾಕೆ ಮೊಬೈಲು ನನಗೆ ಮರಳಿಸಿ, "ನಮ್ಮ ಬೀಜಕ್ಕ ಇವರ ಅಂಗಡಿ ಹೆಸರು ಬ್ಯಾಡ್ರವ್ವಾ," ಎಂದು ಎದ್ದರು. ಸಭೆ ಮುಗಿಯಿತು, ಸರ್ವರಿನ ಹಣವೂ ಹೋಯಿತು.

ಚೈನ್ ಹುಟ್ಟುವಾಗಲೇ ಅದರ ನಾಣ್ಯ ಯಾವ ಟೋಕನ್ ಎಂದು ಆ ಟೋಕನ್ನಿನ ವಿಳಾಸ, ಅಂದರೆ ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು, ಬರೆಯಬೇಕು. ನಾನು ಬಳಸಿದ ಪದ್ಧತಿಯಲ್ಲಿ ಆಮೇಲೆ ಬದಲಿಸಲು ಬರುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಆ ಉದ್ದನೆಯ ವಿಳಾಸವನ್ನು ನಾನು ಒಂದೊಂದೇ ಅಕ್ಷರವಾಗಿ ಓದಿದೆ. ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಬಲ್ಲ ಅಬ್ಬಾ ಅದನ್ನೇ ಮುದ್ರಿಸಿದ್ದ ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರು. ಮೂರು ಸಲ ಓದಿಸಿ, "ಹೂಂ, ಒತ್ತು," ಎಂದರು. ಒತ್ತಿದೆ.

ಚೈನ್ ಈಗ ಅಂಗಡಿಯ ಕಪಾಟಿನಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿದೆ. ಟೋಕನ್ನಿನ ಬೆಲೆ ಒಮ್ಮೆ ಬಹಳ ಕುಸಿದು ಸಂಘದ ಖಾತೆಯಲ್ಲಿದ್ದದ್ದೂ ಕರಗಿತು. ಸಭೆಗೆ ಹೋಗಿ ಬೈಸಿಕೊಂಡು ಬಂದೆ, ಶುಲ್ಕದ ಲೆಕ್ಕ ಸರಿಮಾಡಿದೆ. ಹೋದ ಮುಂಗಾರಿಗೆ ಲಿಂಗಸುಗೂರಿನಲ್ಲಿ ಸಂಘದ ಹೆಸರಿನ ನಕಲಿ ಚೀಲ ಮತ್ತೆ ಕಂಡಿತು. ಚೈನಿನಲ್ಲಿ ಅದರ ಗುರುತೇ ಇರಲಿಲ್ಲ. ಹಿರಿಯಾಕೆ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ, ಮೊಬೈಲು ತೋರಿಸಿ, ಆ ಅಂಗಡಿಯವನಿಂದಲೇ ಚೀಲಗಳನ್ನು ಕೆಳಗಿಳಿಸಿದರು.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ವ್ಯಾಪಾರಿ ಎದುರಾದರೆ ಮುಖ ತಿರುಗಿಸುತ್ತಾರೆ. ನಾನು ಬೇಕೆಂದೇ ಎದುರು ಹೋಗಿ ನಿಂತು, "ಆರಾಮ ಅದೀರೇನ್ರೀ?" ಎನ್ನುತ್ತೇನೆ.