ಬತ್ತೀನಿ ಎಂದು ಹೋದವರು

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ನಮ್ಮತ್ತೆಯ ಕಿವಿಯ ದೆಸೆಯಿಂದ. ಒಂದು ಜ್ವರ ಬಂದು ಹೋದ ಮೇಲೆ ಅವರಿಗೆ ಕೇಳಿಸುವುದು ನಿಂತಿತು. ಕಿವಿಯ ಮಿಷನ್ನು ತಂದುಕೊಟ್ಟರೆ, ಒಳಗೆ ಜಿರಲೆ ಬಿಟ್ಟಂಗಾಯ್ತದೆ ಎಂದು ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟರು. ಆಮೇಲೆ ಎದುರಿಗಿರುವವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ತಾವೇ ಕಲಿತರು. ಮನೆಯಲ್ಲಿ ನನ್ನ ಮಾತೇ ಅವರಿಗೆ ಬೇಗ ತಿಳಿಯುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ನಮ್ಮನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಿ ಪೂರ್ತಿ ತೆರೆಸಿ ಪದ್ಯ ಹೇಳಿಸುತ್ತಿದ್ದರು. ಆ ಅಭ್ಯಾಸ ಎಷ್ಟೋ ವರ್ಷದ ಮೇಲೆ ಚನ್ನಪಟ್ಟಣದ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂತು. ಮಗನ ಮಾತು ಮಾತ್ರ ಮೀಸೆಯೊಳಗೇ ಉಳಿದುಬಿಡುತ್ತದೆ ಎಂದು ಅತ್ತೆಯ ದೂರು.

ಅತ್ತೆಗೆ ಇರುವುದು ಒಬ್ಬರೇ ಅಕ್ಕ, ಸೋಲೂರಿನಲ್ಲಿ. ನನಗೆ ದೊಡ್ಡತ್ತೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರು ಮಂಚ ಬಿಟ್ಟು ಏಳುವಂತಿಲ್ಲ. ಇವರಿಗೆ ಬಸ್ಸು ಹತ್ತಿದರೆ ವಾಂತಿ. ರಾಮನಗರದಲ್ಲೊಮ್ಮೆ ಇಳಿದು, ಮಾಗಡಿಯಲ್ಲೊಮ್ಮೆ ಇಳಿದು ಸೋಲೂರು ಮುಟ್ಟುವಷ್ಟರಲ್ಲಿ ಮಾತಾಡುವ ಸ್ಥಿತಿಯಲ್ಲೇ ಇರುವುದಿಲ್ಲ. ಹೀಗಾಗಿ ಅಕ್ಕತಂಗಿಯರಿಗೆ ಉಳಿದದ್ದು ವಿಡಿಯೋ ಕಾಲ್ ಒಂದೇ. ಭಾನುವಾರ ತಲೆ ಬಾಚಿಕೊಂಡು, ಫೋನನ್ನು ತೊಗರಿಬೇಳೆ ಡಬ್ಬಿಗೆ ಒರಗಿಸಿ ಅತ್ತೆ ಕೂರುತ್ತಿದ್ದರು. ಆದರೆ ಮೊಬೈಲ್ ಸಿಗ್ನಲ್ ಹಿಂದುಗಡೆಯ ಅಕ್ಕಿ ಗಿರಣಿಯ ಗೋಡೆ ದಾಟಿ ಬರುತ್ತಿರಲಿಲ್ಲವೋ ಏನೋ, ದೊಡ್ಡತ್ತೆಯ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ತೆರೆದಲ್ಲೇ ನಿಂತುಬಿಡುವುದು. ದನಿ ಆಗಾಗ ಬರುತ್ತದಲ್ಲ, ಕೇಳಿದಷ್ಟನ್ನು ನಾನೇ ಹೇಳುತ್ತೇನೆ ಎಂದೆ ಒಮ್ಮೆ. ಅತ್ತೆ ಒಪ್ಪಲಿಲ್ಲ.

"ನಾವಿಬ್ರು ಮಾತಾಡಾಕೆ ನಡುವೆ ಇನ್ನೊಬ್ರ್ಯಾಕವ್ವ?"

ಅದರಲ್ಲಿ ಸಿಟ್ಟಿರಲಿಲ್ಲ. ಸೊಸೆಯ ಮುಂದೆ ಹೇಳಲಾಗದ ಮಾತು ಯಾವ ಹೆಂಗಸಿಗಾದರೂ ಇರುತ್ತದೆ.

ಹೀಗೆ ನಾನು ಒಳ್ಳೆಯ ನೆಟ್ ಹುಡುಕಲು ಹೊರಟೆ. ಬೆಳಗಿನ ರೈಲಿಗೆ ಹೋಗುವ ಯಜಮಾನರು ಯಾವುದಾದರೂ ಒಂದು ಹಾಕಿಸು ಎಂದಷ್ಟೇ ಹೇಳಿದ್ದರು. ಎದುರು ಮನೆಯವರು ಬೊಂಬೆ ಕಡೆಯುವವರು. ಅವರ ಬಾಗಿಲಲ್ಲಿ ಸದಾ ಅರಗಿನ ವಾಸನೆ. ಅಲ್ಲಿಯ ಹೆಂಗಸು, ಕೇಬಲ್ ಟಿವಿಯವನೇ ನೆಟ್ಟೂ ಕೊಡುತ್ತಾನೆ, ಕೂಗಿದರೆ ಓಡಿಬರುತ್ತಾನೆ ಎಂದರು. ಮೂಲೆಯ ಅಂಗಡಿಯವರು ಅವನ ಹೆಸರೆತ್ತಿದ್ದೇ ತಡ, ಆ ಸಹವಾಸ ಬೇಡವೆಂದು ಕೈಮುಗಿದರು. ದೊಡ್ಡ ಕಂಪನಿಯದು ಹಾಕಿಸಿ, ಅವರು ಮಾತಿಗೆ ತಪ್ಪುವುದಿಲ್ಲ ಎಂದರು. ಆ ದೊಡ್ಡ ಕಂಪನಿಯ ಪರವಾಗಿ ಒಬ್ಬ ಗೃಹಸ್ಥ ಕೊಡೆ, ಬ್ಯಾಗು ಸಮೇತ ಮನೆಗೇ ಬಂದು ಸ್ಪೀಡಿನ ಲೆಕ್ಕ ಒಪ್ಪಿಸಿದರು. ನನಗೆ ಬೇಕಿದ್ದದ್ದು ಒಂದೇ. ಮಾತಾಡುವವರ ತುಟಿ ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿದೆ. ಅವರು ಅರೆಗಳಿಗೆ ನನ್ನನ್ನೇ ನೋಡಿದರು.

"ತುಟಿ ಏನ್ ಮೇಡಂ, ಮೀಸೆ ಕೂದ್ಲು ಎಣಿಸ್ಬೋದು."

ದೊಡ್ಡ ಕಂಪನಿಯದನ್ನೇ ಹಾಕಿಸಿದೆವು. ಟಿವಿಯ ಮೇಲಿನ ಹಲಗೆಯಲ್ಲಿ ಬಿಳಿಯ ಪೆಟ್ಟಿಗೆ ಬಂದು ಕೂತಿತು. ಅತ್ತೆ ಅದರ ನೆತ್ತಿಗೆ ಒಂದು ಚಿಟಿಕೆ ಕುಂಕುಮ ಇಟ್ಟರು. ಮೊದಲ ಭಾನುವಾರಗಳು ನಿಜಕ್ಕೂ ಚೆನ್ನಾಗಿದ್ದವು. ಅಕ್ಕತಂಗಿಯರು ನಗುವಾಗ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಯಾಕೆ ನಗುತ್ತಾರೆ ಎಂದು ತಿಳಿದುಕೊಳ್ಳದೆ ಇರುವುದರಲ್ಲೂ ಒಂದು ನೆಮ್ಮದಿಯಿತ್ತು.

ಆಮೇಲೆ ಚರಂಡಿ ಕೆಲಸಕ್ಕೆ ಜೆಸಿಬಿ ಬಂತು. ಅದು ಹೋದ ಸಂಜೆ ಪೆಟ್ಟಿಗೆಯ ಹಸಿರು ದೀಪ ಕೆಂಪಾಗಿತ್ತು.

ಕಸ್ಟಮರ್ ಕೇರಿಗೆ ಫೋನು ಮಾಡಿದರೆ ಮೊದಲು ಭಾಷೆ ಆರಿಸಬೇಕು. ಕನ್ನಡ ಆರಿಸಿದರೆ ಹಾಡು. ಹಾಡು ಮುಗಿದರೆ ಒಂದು ಸಭ್ಯ ದನಿ ಬಂದು, ಪೆಟ್ಟಿಗೆ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದಿರಾ ಎಂದು ಕೇಳುವುದು. ಪ್ರತಿ ಸಲವೂ ಹೊಸ ದನಿ, ಪ್ರತಿ ಸಲವೂ ಅದೇ ಪ್ರಶ್ನೆ. ನನಗೆ ಜೋರು ಮಾಡಲು ಬರುವುದಿಲ್ಲ. ಥ್ಯಾಂಕ್ಯೂ ಎಂದು ಇಟ್ಟುಬಿಡುತ್ತಿದ್ದೆ. ಇಟ್ಟ ಮೇಲೆ, ಯಾಕಾದರೂ ಥ್ಯಾಂಕ್ಯೂ ಹೇಳಿದೆನೋ ಎನಿಸುತ್ತಿತ್ತು.

ಕಡೆಗೂ ಲೈನ್‌ಮ್ಯಾನ್ ಬಂದ. ನಡುವಯಸ್ಸಿನವನು, ಕನಕಪುರದ ಕಡೆಯವನು. ಕಂಬ ನೋಡಿದ, ಬೆರಳ ತುದಿಯಿಂದ ವೈರು ಎತ್ತಿ ನೋಡಿದ, ನಾನು ಕೊಟ್ಟ ಕಾಫಿ ಕುಡಿದ. ಎಲ್ಲೋ ಕಟ್ಟಾಗಿದೆ, ಏಣಿ ಬೇಕು ಎಂದ. ಲೋಟ ಕಟ್ಟೆಯ ಮೇಲಿಟ್ಟು, "ಬತ್ತೀನಿ ಅಕ್ಕ," ಎಂದು ಹೋದ.

ನಾನು ಕಾದೆ. ಆ ದಿನ ರಾಗಿ ಮಿಲ್ಲಿಗೆ ಹೋಗಲಿಲ್ಲ, ಬಾಗಿಲು ಹಾಕಿ ಸ್ನಾನಕ್ಕೂ ಹೋಗಲಿಲ್ಲ. ಮರುದಿನವೂ ಹಾಗೇ. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೂ ಹಾಗೇ ಹೇಳಿಯೇ ತವರಿನಿಂದ ಹೊರಟವಳು. ಆದರೆ ಏಣಿಯ ಮಾತು ಮುಂಚೆ ಬಂದು ಬತ್ತೀನಿ ಆಮೇಲೆ ಬಂದದ್ದರಿಂದ, ನನಗೆ ಅದು ಏಣಿ ತರುತ್ತೇನೆ ಎಂದೇ ಕೇಳಿಸಿತ್ತು. ಇನ್ನೂ ಒಂದು ಭಾನುವಾರ ಕಳೆದ ಮೇಲೆ ಅವನಿಗೆ ಫೋನು ಮಾಡಿದೆ. ಬರುತ್ತೇನೆ ಅಂದಿದ್ದಿರಲ್ಲ ಎಂದು ಮೆಲ್ಲಗೆ ಕೇಳಿದೆ.

"ಹೊಂಡುವಾಗ ಇನ್ನೇನ್ ಅನ್ನಾದು ಅಕ್ಕ? ಹೋಯ್ತೀನಿ ಅಂದ್ರೆ ನಮ್ಮವ್ವ ಉಗೀತಾಳೆ."

ಏಣಿಯವರು ಬೇರೆ, ಅವರಿಗೆ ಆಫೀಸಿನಿಂದ ಹೇಳಿಸಬೇಕು, ತಾನು ನೋಡಿ ಬರೆದುಕೊಳ್ಳುವವನಷ್ಟೇ ಎಂದ. ಅವನ ಮೇಲೂ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಆ ಸಂಜೆಯೇ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ತಲೆಯೆತ್ತಿ ನೋಡಿದೆ. ಕುಂಕುಮದ ಕೆಳಗೆ ಕೆಂಪು ದೀಪ ಹಾಗೇ ಉರಿಯುತ್ತಿತ್ತು.

ನೆಟ್ ಯಾವಾಗ ಬರುತ್ತದೆ ಎಂದು ಅತ್ತೆ ಕೇಳುತ್ತಿರಲಿಲ್ಲ. ಭಾನುವಾರ ಬಂದರೆ ತಲೆ ಮಾತ್ರ ಬಾಚಿಕೊಳ್ಳುತ್ತಿದ್ದರು. ಬಾಚಿಕೊಂಡು ಅವರೆಕಾಯಿ ಸುಲಿಯಲು ಕೂರುತ್ತಿದ್ದರು, ಪೆಟ್ಟಿಗೆಗೆ ಎದುರಾಗಿ. ಸೋಲೂರಿನಿಂದ ದೊಡ್ಡತ್ತೆಯ ಸೊಸೆ ನನಗೆ ಫೋನು ಮಾಡಿ, ತನ್ನತ್ತೆ ದಿನಾ ಕೇಳುತ್ತಾರೆ, ಮಾತಾಡಿಸದೆ ಬಿಟ್ಟುಬಿಟ್ಟಳಾ ತಂಗಿ ಎನ್ನುತ್ತಾರೆ ಎಂದಳು. ಅದನ್ನು ನಾನು ಅತ್ತೆಗೆ ಹೇಳಲಿಲ್ಲ.

ಕೊನೆಗೆ ದೊಡ್ಡ ಕಂಪನಿಯ ಪೆಟ್ಟಿಗೆ ಬಿಚ್ಚಿಸಿ ಕೇಬಲ್‌ನವನಿಗೇ ಹೇಳಿದೆವು. ಅವನು ಓಡಿಯೇನೂ ಬರಲಿಲ್ಲ. ಇವತ್ತು, ನಾಳೆ, ಹಬ್ಬ ಆಗಲಿ, ಮಾಲು ಬರಬೇಕು ಎಂದು ಬಹಳ ದಿನ ತಳ್ಳಿದ. ಎದುರು ಮನೆಯ ಹೆಂಗಸು ನಾಚಿಕೊಂಡು, ಅವನು ಹಿಂದೆ ಹೀಗಿರಲಿಲ್ಲ ಎಂದರು. ಅಂತೂ ಒಂದು ಮಧ್ಯಾಹ್ನ ಅವನು ಬಂದು, ಎದುರು ಮನೆಯ ಮಹಡಿಯಿಂದ ನಮ್ಮ ಸಜ್ಜಕ್ಕೆ ವೈರು ಎಳೆದ. ಈ ಪೆಟ್ಟಿಗೆ ಕಪ್ಪು. ಅತ್ತೆ ಇದಕ್ಕೆ ಕುಂಕುಮ ಇಡಲಿಲ್ಲ.

ಆ ಭಾನುವಾರ ಚಿತ್ರ ಬಹಳ ಸ್ಪಷ್ಟವಾಗಿ ಬಂತು. ದೊಡ್ಡತ್ತೆಯ ಹಣೆಯ ಹಚ್ಚೆಯೂ ಕಾಣುತ್ತಿತ್ತು. ಅತ್ತೆ ಮುಂದಕ್ಕೆ ಬಾಗಿದರು. ದೊಡ್ಡತ್ತೆ ಮಾತಾಡಿದರು, ನಿಲ್ಲಿಸಿದರು, ಮತ್ತೆ ಮಾತಾಡಿದರು. ಅತ್ತೆಯ ಮುಖದಲ್ಲಿ ಏನೂ ಕದಲಲಿಲ್ಲ. ಫೋನಿನ ಗಾಜನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನಂತವಳೆ? ಬಾಯಿ ಮಾವಿನಹಣ್ಣು ಚೀಪ್ದಂಗೆ ಆಯ್ತದೆ, ಮಾತೇ ಕಾಣಾಕಿಲ್ಲ."

ಹಿಂದಿನಿಂದ ಆ ಮನೆಯ ಸೊಸೆ ಹೇಳಿದಳು. ಒಸಡು ಕೀವಾಗಿ, ಇದ್ದ ಹಲ್ಲೆಲ್ಲ ಕೀಳಿಸಿದ್ದಾರಂತೆ. ಕಟ್ಟಿಸಿದ ಹಲ್ಲು ಹಾಕಿಕೊಳ್ಳಲು ಒಪ್ಪುತ್ತಿಲ್ಲವಂತೆ. ನಮ್ಮ ಕೆಂಪು ದೀಪದ ದಿನಗಳಲ್ಲೇ ಆದದ್ದು. ನಾನು ಅತ್ತೆಯ ಕಡೆ ತಿರುಗಿ, ಬಾಯಿ ಬಿಟ್ಟು ನಿಧಾನವಾಗಿ ಹೇಳಿದೆ. ಅವರು ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದರು. ತಮ್ಮ ಹಲ್ಲಿನ ಮೇಲೆ ನಾಲಿಗೆ ಆಡಿಸಿಕೊಂಡರು. ಆಮೇಲೆ ಮಣೆ ಒಂದಿಷ್ಟು ಸರಿಸಿ ನನಗೆ ಜಾಗ ಬಿಟ್ಟರು.

"ಬಾ, ನೀನೇ ಹೇಳು."

ಅಂದಿನಿಂದ ನಾನು ನಡುವೆ ಕೂರುತ್ತೇನೆ. ದೊಡ್ಡತ್ತೆ ಅನ್ನುವುದನ್ನು ಕಿವಿಯಲ್ಲಿ ಕೇಳಿ, ಅತ್ತೆಯ ಕಡೆ ತಿರುಗಿ ನನ್ನ ತುಟಿಯಲ್ಲಿ ಹೇಳಬೇಕು. ಅತ್ತೆಯ ಉತ್ತರ ಅಲ್ಲಿಗೆ ನೇರವಾಗಿಯೇ ಕೇಳುತ್ತದೆ. ಆ ಮೊದಲ ದಿನವೇ ದೊಡ್ಡತ್ತೆ ಒಂದು ಪ್ರಶ್ನೆ ಕೇಳಿದರು. ನಾನು ತಡೆದೆ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳದೆ ವಿಧಿಯಿರಲಿಲ್ಲ.

"ನಿನ್ನ ಸೊಸೆ ಹೊಟ್ಟೆಗೆ ಸರಿಯಾಗಿ ಇಕ್ಕುತ್ತಾಳಾ ಅಂತ ಕೇಳ್ತಿದ್ದಾರೆ."

ಅತ್ತೆ ನನ್ನನ್ನೊಮ್ಮೆ ನೋಡಿ, ಫೋನಿನ ಕಡೆ ತಿರುಗಿದರು.

"ಉಪ್ಪು ಒಸಿ ಕಮ್ಮಿ. ಮಿಕ್ಕಿದ್ದೆಲ್ಲ ಪರವಾಗಿಲ್ಲ."

ಹಲ್ಲಿಲ್ಲದ ಆ ಬಾಯಿ ಅಗಲವಾಗಿ ನಕ್ಕಿತು. ಅದನ್ನು ನಾನು ತಿಳಿಸಬೇಕಾಗಿರಲಿಲ್ಲ. ಆದರೂ ಅಕ್ಕತಂಗಿಯರ ಮಾತು ಮೊದಲಿನಷ್ಟು ಉದ್ದಕ್ಕೆ ಹೋಗಲಿಲ್ಲ. ಮಳೆ, ಹಸುವಿನ ಹಾಲು, ಕಾಲಿನ ಊತ. ನನ್ನ ಬಾಯಲ್ಲಿ ಹಾದುಹೋಗಬಹುದಾದ ಮಾತುಗಳಷ್ಟೇ. ಈಗಲೂ ಅಷ್ಟೇ. ಬಟ್ಟೆ ಹರವಲು ಎದ್ದು ಹೋಗುವಂತಿಲ್ಲ.

ನೆಟ್ ಈಗಲೂ ಆಗಾಗ ಹೋಗುತ್ತದೆ. ಕೇಬಲ್‌ನವನಿಗೆ ಹೇಳಿದರೆ ಮಂಗ ಜೋತಾಡಿರಬೇಕು ಎನ್ನುತ್ತಾನೆ. ನಾನು ಜಗಳವಾಡುವುದನ್ನು ಇನ್ನೂ ಕಲಿತಿಲ್ಲ.

ನಾನು ನಡುವೆ ಕೂತ ಆ ಮೊದಲ ದಿನ ಮಾತು ಮುಗಿಸುವಾಗ ದೊಡ್ಡತ್ತೆ ಮಲಗಿದಲ್ಲಿಂದಲೇ ಕೈ ಎತ್ತಿದರು. ತುಟಿ ಎರಡೂ ಕೂಡಿ ಬಿಟ್ಟುಕೊಂಡವು. ಹೇಳಲೆಂದು ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

"ಅದ್ ಕಾಣ್ತು, ಬುಡು. ಬತ್ತೀನಿ ಅಂದ್ಲು."

ಫೋನನ್ನು ತಿರುವಿ ಡಬ್ಬಿಯ ಪಕ್ಕ ಮಲಗಿಸಿ, ಅವರೆಕಾಯಿಯ ಮೊರ ಎಳೆದುಕೊಂಡರು.