ಹಾಲಕ್ಕನ ಹಾಲಿನ ಮೇಲೆ ಬಂದ ಮಾತು

ನಮ್ಮ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಬೀದಿಯವರೆಲ್ಲ ಅವರನ್ನು ಹಾಲಕ್ಕ ಎನ್ನುತ್ತಾರೆ; ಬೈಗುಳಕ್ಕೆ ಹೆದರಿದರೂ ಹಾಲನ್ನು ಅವರಲ್ಲೇ ಕೊಳ್ಳುತ್ತಾರೆ. ಮಾವ ತೀರಿಕೊಂಡ ಮೇಲೆ ಎರಡು ಹಸುಗಳಿಂದ ಶುರು ಮಾಡಿ ಕೊಟ್ಟಿಗೆ ತುಂಬಿಸಿದವರು. ಒಂದು ದಿನವೂ ಹಾಲಿಗೆ ನೀರು ಬೆರೆಸಿದವರಲ್ಲ, ಅದನ್ನು ಹೇಳಿಕೊಳ್ಳದೆ ಒಂದು ದಿನವೂ ಬಿಟ್ಟವರಲ್ಲ.

ಕರೆದ ಹಾಲಿನಲ್ಲಿ ಅರ್ಧ ಹೋಗುತ್ತಿದ್ದುದು ಅವರ ಸ್ವಂತ ತಮ್ಮನ ಕಾಫಿ ಅಂಗಡಿಗೆ. ಅಲ್ಲಿಂದಲೇ ಒಂದು ಬೆಳಿಗ್ಗೆ ಫೋನ್ ಬಂತು.

"ಅಕ್ಕ, ಹಾಲು ಹುಳಿ ಅಂತಿದ್ದಾರೆ ಗಿರಾಕಿಗಳು. ಕ್ಯಾನ್ ಸರಿಯಾಗಿ ತೊಳೀತಿದ್ದೀರಾ?"

ಕ್ಯಾನ್ ತೊಳೆಯುವವಳು ನಾನು. ಅತ್ತೆ ಫೋನ್ ಇಟ್ಟವರೇ ನನ್ನ ಮೇಲೆ ಹರಿಹಾಯ್ದರು. ಆ ವಾರವೆಲ್ಲ ಕುದಿಯುವ ನೀರಿನಲ್ಲಿ ಉಜ್ಜಿ ಉಜ್ಜಿ ಕೈ ಸುಟ್ಟುಕೊಂಡೆ. ಪಕ್ಕದಲ್ಲೇ ನಿಂತು ಅವರು ಒಂದೊಂದು ಮುಚ್ಚಳವನ್ನೂ ಮೂಸಿ ನೋಡುತ್ತಿದ್ದರು. ಆದರೂ ದೂರು ನಿಲ್ಲಲಿಲ್ಲ. ಅತ್ತೆಯ ತಮ್ಮ ವರಸೆಯಲ್ಲಿ ನನಗೆ ಹಿರಿಯ. ಆದರೆ ಆ ವಾರದಿಂದ ನಾನು ಅವನನ್ನು 'ಅವರು' ಎನ್ನುವುದು ಬಿಟ್ಟೆ.

ಆಡಿದ ಮಾತು ಅಂಗಡಿಯಲ್ಲೇ ಉಳಿಯುತ್ತದೆಯೇ? ಮೂಲೆಮನೆಯಾಕೆ ಹಾಲು ಹಾಕಿಸಿಕೊಂಡು, ನಮ್ಮೆದುರಿಗೇ ಬೆರಳದ್ದಿ ರುಚಿ ನೋಡಿದಳು. ಅತ್ತೆ ಬೈಯಲಿಲ್ಲ. ಅವರು ಬೈಯದೆ ನಿಂತದ್ದನ್ನು ನೋಡಿ ನನಗೇ ಸಂಕಟವಾಯಿತು. ಅದೇ ಸಂಜೆ ತಮ್ಮ ಮತ್ತೆ ಫೋನ್ ಮಾಡಿ, "ಸೋಮವಾರದಿಂದ ಬೇರೆ ಕಡೆಯಿಂದ ತರಿಸ್ತೀನಿ" ಎಂದ.

ಮರುದಿನ ಅತ್ತೆ ಕ್ಯಾನ್ ಎತ್ತಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು.

ಅಂಗಡಿ ತುಂಬಿತ್ತು. ಕ್ಯಾನನ್ನು ಕೌಂಟರಿನ ಮೇಲೆ ಕುಕ್ಕಿ, ಒಂದು ಲೋಟ ಹಸಿ ಹಾಲನ್ನು ಎಲ್ಲರೆದುರು ಗಟಗಟ ಕುಡಿದರು. ಇನ್ನೊಂದನ್ನು ತಮ್ಮನ ಮುಂದೆ ಹಿಡಿದರು.

"ಕುಡಿ. ಹುಳಿ ಎಲ್ಲಿದೆ ತೋರಿಸು."

ಕುಡಿದ. ಹುಳಿ ಇರಲಿಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ ಬಿಡಿ" ಎಂದು ಹಿಂದಿನ ಮೇಜಿನವನೊಬ್ಬ ಕಿಸಕ್ಕೆಂದ. ಅತ್ತೆ ತಿರುಗಿ ನೋಡಿದ್ದೇ ತಡ, ತಲೆ ತಗ್ಗಿಸಿಬಿಟ್ಟ.

"ಮತ್ತೆ ಹುಳಿ ಎಲ್ಲಿಂದ ಬಂತೋ? ಏನು ಬದಲಾಯಿಸಿದ್ದೀಯ?"

ಬದಲಾಗಿದ್ದು ಕಾಫಿ ಬೀಜ. ತಮ್ಮ ಎಲ್ಲೋ ಹೋಗಿ ಹುರಿಯುವ ಹೊಸ ವಿದ್ಯೆ ಕಲಿತು ಬಂದಿದ್ದ. ಮೊದಲಿನ ಹಾಗೆ ಕಪ್ಪಾಗುವವರೆಗೆ ಹುರಿಯದೆ, ಬೀಜ ಚಟಪಟ ಸಿಡಿದು ಸ್ವಲ್ಪ ಹೊತ್ತಿಗೇ ತೆಗೆದುಬಿಡುತ್ತಿದ್ದ. "ಲೈಟ್ ರೋಸ್ಟ್ ಅಕ್ಕ. ದುಬಾರಿ ಬೀಜ. ಹಣ್ಣಿನ ರುಚಿ ಹಾಗೇ ಉಳಿಯುತ್ತೆ. ಅದರಲ್ಲಿ ತಪ್ಪಿರೋಕೆ ಸಾಧ್ಯನೇ ಇಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಆ ನೆಲ ನಾನೇ ಆಗಬೇಕಿತ್ತಾ?"

ಅವನು ಹೆದರಿ, ಹಾಲು ಹಾಕದೆ ಒಂದು ಲೋಟ ಕಾಫಿ ಸೋಸಿ ಮುಂದಿಟ್ಟ. ಅತ್ತೆ ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದ್ದರಿಂದ ಹಿಡಿದು ಅಂಗಡಿಗೆ ಬಾಡಿಗೆ ಜಾಗ ಹುಡುಕಿಕೊಟ್ಟದ್ದರವರೆಗೆ ಒಂದೂ ಬಿಡದೆ ಎತ್ತಿ ಆಡಿದರು. ಗಂಟಲು ಒಣಗಿದಾಗ ಕೈಗೆ ಸಿಕ್ಕಿದ್ದು ಆ ಕಾಫಿಯೇ. ಅಷ್ಟರಲ್ಲಿ ಅದು ಆರಿ ಉಗುರುಬೆಚ್ಚಗಾಗಿತ್ತು.

ಒಂದು ಗುಟುಕಿಗೆ ಮುಖ ಸಿಂಡರಿಸಿ, "ಇದೇ ಹುಳಿ" ಎಂದರು. ಇನ್ನೊಂದಕ್ಕೆ ಲೋಟವನ್ನೇ ಮೂಸಿ ನೋಡಿದರು. ಆಮೇಲಿನದನ್ನು ಬಾಯಲ್ಲೇ ಹಿಡಿದು, ನುಂಗಿ, ನನ್ನತ್ತ ತಿರುಗಿದರು. "ಕಿತ್ತಳೆ ಸುಲಿದಾಗ ಬರುತ್ತಲ್ಲ, ಆ ವಾಸನೆ ಕಣೇ. ಆಮೇಲೆ ಸಿಹಿ. ಸಕ್ಕರೆ ಹಾಕಿದ್ದಾನಾ?"

ಹಾಕಿರಲಿಲ್ಲ. ನಾನೂ ಕುಡಿದು ನೋಡಿದೆ. ಬಿಸಿ ಇಳಿದಷ್ಟೂ ಹುಳಿ ಹಿಂದೆ ಸರಿದು ಹಣ್ಣಿನ ಸಿಹಿ ಮುಂದೆ ಬರುತ್ತಿತ್ತು. ಉಳಿದದ್ದಕ್ಕೆ ಅತ್ತೆ ತಾವು ತಂದ ಕ್ಯಾನಿನ ಹಾಲನ್ನೇ ಬೆರೆಸಿ ಬಾಯಿಗಿಟ್ಟು, ಥೂ ಎಂದರು. ಥೇಟ್ ಒಡೆದ ಹಾಲಿನ ರುಚಿ.

"ಈಗ ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು."

ಹಾಲಿನಲ್ಲಿ ತಪ್ಪಿಲ್ಲ, ತಪ್ಪು ನನ್ನದು ಎಂದು ಅವನು ಎಲ್ಲರ ಮುಂದೆ ಹೇಳಿದ. ಆಮೇಲೆ ದನಿ ತಗ್ಗಿಸಿ, "ನಾಳೆಯಿಂದ ಎಂದಿನ ಹಾಗೇ ಹಾಲು ತಾ ಅಕ್ಕ" ಎಂದ.

"ಯಾಕೆ? ಇದಕ್ಕೆ ಹಾಲು ಹಾಕಿದ್ರೆ ಹಾಲೂ ಹಾಳು, ಕಾಫಿನೂ ಹಾಳು. ಸ್ವಲ್ಪ ಆರಿಸಿ, ಬರೀ ಕಾಫಿ ಕೊಡು. ನನ್ನ ಹಾಲು ಇದಕ್ಕೆ ಬೇಡ."

ಅರ್ಧ ಹಾಲನ್ನು ಇನ್ನು ಎಲ್ಲಿ ಮಾರುವುದು ಎಂದು ದಾರಿಯಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆಯೇ ಹಿಂದಿನಿಂದ ನನ್ನ ಬೆನ್ನಿಗೊಂದು ಗುದ್ದಿದರು.

"ನನ್ನ ಹಾಲು ಚೆನ್ನಾಗಿದೆ ಅಂತ ಹೇಳಿಸೋಕೆ ಹೋಗಿ, ನನ್ನ ಹಾಲೇ ಬೇಡ ಅಂತ ನಾನೇ ಹೇಳಿ ಬಂದೆನಲ್ಲೇ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಗುದ್ದಿದರು.

"ಆ ಕಾಫಿಯಾದ್ರೂ ಕೆಟ್ಟದಾಗಿರಬಾರದಿತ್ತಾ, ಹಾಳಾದ್ದು."