ಸೊನ್ನೆಯ ಗೆರೆಗೊಂದು ಮಣೆ

ಬೆಳಿಗ್ಗೆ ಆರೂಕಾಲು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬೀಗ ತೆಗೆದ ಅಟೆಂಡರ್ ಅಕ್ಕ ಮೊದಲು ದೀಪ ಹಾಕುವುದಿಲ್ಲ, ಕಿಟಕಿ ತೆರೆಯುತ್ತಾರೆ. ಒಳಗೇ ಉಳಿದ ಆಮ್ಲದ ಘಾಟು ಹೊರಗೆ ಹೋಗಬೇಕು. ಆಮೇಲೆ ಗೋಡೆಯ ಥರ್ಮಾಮೀಟರ್ ನೋಡಿ ಕರಿಹಲಗೆಯ ಮೂಲೆಯಲ್ಲಿ ‘26 ಡಿಗ್ರಿ’ ಎಂದು ಬರೆಯುತ್ತಾರೆ. ಕೊನೆಗೆ ಕಲ್ಲಿನ ಮೇಜಿನಡಿಯಿಂದ ಮೂರು ಮರದ ಮಣೆಗಳನ್ನು ಎಳೆದು ಒರೆಸುತ್ತಾರೆ. ಒಂದರ ಎತ್ತರ ನಾಲ್ಕು ಇಂಚು, ಇನ್ನೊಂದರದು ಎಂಟು, ಮತ್ತೊಂದರದು ಹನ್ನೆರಡು.

ಇವತ್ತು ಒರೆಸುವ ಕೈ ನಿಧಾನವಾಗಿದೆ. ಹನ್ನೊಂದಕ್ಕೆ ತಪಾಸಣಾ ತಂಡ ಬರಲಿದೆ. ‘ಲ್ಯಾಬಿನ ಹಳೆಯ ಮರದ ಸಾಮಾನೆಲ್ಲ ಒಂಬತ್ತರೊಳಗೆ ಗುಜರಿಗೆ ಹೋಗಬೇಕು’ ಎಂದು ಪ್ರಿನ್ಸಿಪಾಲರ ಚೀಟಿ ನಿನ್ನೆಯೇ ಬಂದಿದೆ. ಮುರಿದ ಕಪಾಟು, ಕಾಲಿಲ್ಲದ ಕುರ್ಚಿಗಳು ಸಂಜೆಯೇ ಹೊರಬಿದ್ದಿವೆ. ಉಳಿದಿರುವುದು ಈ ಮೂರು ಮಣೆ.

“ಕಪಾಟು ಹೋಗ್ಲಿ, ಪೀಡೆ ತೊಲಗ್ತು. ಇವು ಹೋದ್ರೆ ಮಕ್ಕಳ ಮಾರ್ಕ್ಸೇ ಹೋಗುತ್ತೆ,” ಎನ್ನುತ್ತಾರೆ ಅಕ್ಕ.

ಮಾತು ಅತಿಶಯವಲ್ಲ. ಅದು ಅರ್ಥವಾಗಬೇಕಾದರೆ ಬ್ಯೂರೆಟ್ ಗೊತ್ತಿರಬೇಕು: ಬೆರಳಿನಷ್ಟು ದಪ್ಪದ ಉದ್ದನೆಯ ಗಾಜಿನ ಕೊಳವೆ, ತುದಿಯಲ್ಲೊಂದು ಪುಟ್ಟ ನಲ್ಲಿ, ಮೈಮೇಲೆ ಗೆರೆಗಳು. ಸೊನ್ನೆ ಎಲ್ಲಕ್ಕಿಂತ ಮೇಲೆ, ಐವತ್ತು ಎಲ್ಲಕ್ಕಿಂತ ಕೆಳಗೆ. ಎಲ್ಲಿಂದ ಎಲ್ಲಿಗೆ ಇಳಿಯಿತು ಎಂದು ಓದಿ, ಎಷ್ಟು ದ್ರಾವಣ ಖರ್ಚಾಯಿತು ಎಂದು ವಿದ್ಯಾರ್ಥಿ ಲೆಕ್ಕ ಹಾಕುತ್ತಾನೆ. ಗಾಜಿನೊಳಗೆ ನೀರಿನ ಮೇಲ್ಮೈ ಮಟ್ಟವಾಗಿರುವುದಿಲ್ಲ, ನಡುವೆ ಬಟ್ಟಲಿನಂತೆ ತಗ್ಗಿರುತ್ತದೆ. ಆ ತಗ್ಗಿನ ತಳಕ್ಕೆ ಕಣ್ಣು ನೇರವಾಗಿರಬೇಕು. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಗೆರೆ ತಪ್ಪುತ್ತದೆ.

ಅಕ್ಕ ಓದಿದ್ದು ಏಳನೇ ತರಗತಿ. ಮೂವತ್ತೊಂದು ವರ್ಷದ ಹಿಂದೆ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಕೆಲಸ ಕಾಯಂ ಆಗಲು ಒಂಬತ್ತು ವರ್ಷ ಹಿಡಿಯಿತು. ಬಲಗೈಯ ಎರಡು ಬೆರಳಲ್ಲಿ ಆಮ್ಲ ಸುಟ್ಟ ಕಲೆ ಇದೆ. ದಿನಕ್ಕೆ ಮೂರು ಬ್ಯಾಚು, ಬ್ಯಾಚಿಗೆ ಇಪ್ಪತ್ತನಾಲ್ಕು ಬ್ಯೂರೆಟ್, ಮುನ್ನೂರರ ಹತ್ತಿರ ಪ್ರನಾಳ. ಎಲ್ಲವನ್ನೂ ಇವರೇ ತೊಳೆಯಬೇಕು. ನಲವತ್ತು ಲೀಟರ್ ಬಟ್ಟಿ ಇಳಿಸಿದ ನೀರನ್ನೂ ಇವರೇ ತುಂಬಿಡಬೇಕು.

“ಮೊದಲನೇ ವಾರ ಏನು ಮಾಡಿದ್ದೆ ಗೊತ್ತಾ? ಬೇಗ ಒಣಗಲಿ ಅಂತ ಬ್ಯೂರೆಟ್ಟೆಲ್ಲ ಬಿಸಿ ಓವನ್‌ಗೆ ಹಾಕ್ಬಿಟ್ಟೆ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತ್ರು. ಗಾಜು ಹಿಗ್ಗಿದ್ರೆ ಅಳತೇನೇ ಕೆಡುತ್ತಂತೆ. ನಾನು ಪಾತ್ರೆ ತೊಳೆದಂಗೆ ಅಂದ್ಕೊಂಡಿದ್ದೆ!” ಹೇಳಿ ಬಿದ್ದು ಬಿದ್ದು ನಗುತ್ತಾರೆ.

ಮಣೆಯ ಕತೆ ಶುರುವಾಗಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಗಿಡ್ಡನೆಯ ಹುಡುಗಿಯೊಬ್ಬಳು ಪರೀಕ್ಷೆ ಮುಗಿಸಿ ಸಿಂಕಿನ ಹತ್ತಿರ ಅಳುತ್ತಿದ್ದಳು. ಉತ್ತರ ಪಾಯಿಂಟ್ ಮೂರು ಎಂಎಲ್ ಕಡಿಮೆ, ಎರಡು ಅಂಕ ಖೋತಾ. ಅಕ್ಕ ಪ್ರಯೋಗದ ಹಳೆಯ ಉತ್ತರಪಟ್ಟಿಗಳನ್ನು ತೆಗೆದು ನೋಡಿದರೆ, ಎತ್ತರ ಕಡಿಮೆಯಿದ್ದವರಿಗೆಲ್ಲ ಅದೇ ಪಾಯಿಂಟ್ ಎರಡು, ಪಾಯಿಂಟ್ ಮೂರು ಖೋತಾ. ಕಾರಣ ಹುಡುಕಲು ಅವರು ಬಹಳ ದೂರ ಹೋಗಬೇಕಿರಲಿಲ್ಲ. ಅವರದೂ ನಾಲ್ಕು ಅಡಿ ಹತ್ತು ಇಂಚು. ಸ್ಟ್ಯಾಂಡುಗಳೋ ಮೇಜಿಗೇ ಬಿಗಿದವು, ಇಳಿಸುವಂತಿಲ್ಲ. ಮನೆಗೆ ಹೋಗಿ ಬಡಗಿ ಕೆಲಸದ ಗಂಡನಿಗೆ ಅಳತೆ ಕೊಟ್ಟರು.

“‘ಬೆಳೆಯೋ ಆಸೆ ಇನ್ನೂ ಬಿಟ್ಟಿಲ್ವೇನೇ ನೀನು?’ ಅಂದ್ರು ನಮ್ಮನೆಯವರು. ಆದ್ರೂ ಗಾಜಿನ ಸಾಮಾನು ಬರ್ತಿದ್ದ ಪೆಟ್ಟಿಗೆ ಒಡೆದು ಮೂರೂ ಮಾಡಿಕೊಟ್ರು. ಇವತ್ತಿಗೂ ಒಂದೂ ಅಲ್ಲಾಡಲ್ಲ.”

ಎಂಟೂವರೆಗೆ ಪ್ರಿನ್ಸಿಪಾಲ್ ಮೇಡಂ ಸುತ್ತು ಹಾಕುತ್ತಾ ಬರುತ್ತಾರೆ. ಪಾಠ ಮಾಡಿದ್ದು ಇತಿಹಾಸ. ಈ ಕಾಲೇಜಿಗೆ ಬಂದು ಎರಡು ತಿಂಗಳಷ್ಟೇ. ಎತ್ತರದಲ್ಲಿ ಅಕ್ಕನಿಗೆ ಸರಿಜೋಡಿ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕಾಲೇಜಿನಲ್ಲಿ ಯಾರಿಗೂ ಇಲ್ಲ.

“ಇವು ಇನ್ನೂ ಇಲ್ಲೇ ಇವೆಯಲ್ಲಮ್ಮ? ಯಾರಾದ್ರೂ ಎಡವಿ ಬಿದ್ರೆ?”

“ನಾನೇ ಹೊತ್ತು ಹಾಕ್ತೀನಿ ಮೇಡಂ. ಅದಕ್ಕೆ ಮುಂಚೆ ಇದೊಂದು ಓದಿ ಹೇಳಿ.” ಅಕ್ಕ ಮಣೆ ಹತ್ತಿ ಬ್ಯೂರೆಟ್ಟಿಗೆ ನೀರು ತುಂಬಿಸಿ ಇಳಿಯುತ್ತಾರೆ.

ಮೇಡಂ ಗಡಿಯಾರ ನೋಡುತ್ತಾರೆ, ಆಮೇಲೆ ಕತ್ತೆತ್ತಿ ಬ್ಯೂರೆಟ್ ನೋಡುತ್ತಾರೆ. “ಪಾಯಿಂಟ್ ಮೂರು.”

ಅಕ್ಕ ನಲ್ಲಿ ತಿರುಗಿಸಿ, ಕಣ್ಣಿನ ಮಟ್ಟದಲ್ಲೇ ಇರುವ ಇಪ್ಪತ್ತರ ಗೆರೆಯವರೆಗೆ ನೀರನ್ನು ಒಣ ಬೀಕರಿಗೆ ಇಳಿಸುತ್ತಾರೆ. “ನಿಮ್ಮ ಲೆಕ್ಕದಲ್ಲಿ ಎಷ್ಟಿಳಿದಿರಬೇಕು?”

“ಹತ್ತೊಂಬತ್ತು ಪಾಯಿಂಟ್ ಏಳು.”

“ನನ್ನ ಲೆಕ್ಕದಲ್ಲಿ ಇಪ್ಪತ್ತು. ನಾನು ತುಂಬಿದ್ದು ಸರಿಯಾಗಿ ಸೊನ್ನೆಗೆ,” ಎನ್ನುತ್ತಾರೆ ಅಕ್ಕ.

ಒಂದು ಎಂಎಲ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಬೀಕರಿನ ತೂಕವನ್ನು ಮೊದಲೇ ಕಳೆದಿಟ್ಟಿದ್ದ ತಕ್ಕಡಿ 19.92 ಎನ್ನುತ್ತದೆ.

“ಸಿಕ್ಕಿಬಿದ್ಯಲ್ಲಮ್ಮ! ನಿನ್ನ ಲೆಕ್ಕದಲ್ಲಿ ಇಪ್ಪತ್ತು ಬರಬೇಕಿತ್ತಲ್ಲ?”

“ಇವತ್ತು ಇಪ್ಪತ್ತಾರು ಡಿಗ್ರಿ ಮೇಡಂ. ನೀರು ಬೆಚ್ಚಗಾದಷ್ಟೂ ಚೂರು ಹಿಗ್ಗುತ್ತೆ, ಅಷ್ಟೇ ಜಾಗದಲ್ಲಿ ತೂಕ ಕಡಿಮೆಯಾಗುತ್ತೆ. ಇಷ್ಟು ಶಾಖಕ್ಕೆ ಇಪ್ಪತ್ತು ಎಂಎಲ್ ತೂಗಿದ್ರೆ ಇಷ್ಟೇ ಬರೋದು. ನಿಮ್ಮ ಹತ್ತೊಂಬತ್ತು ಪಾಯಿಂಟ್ ಏಳು ಆಗಿದ್ರೆ ಇನ್ನೂ ಕಡಿಮೆ ಬರಬೇಕಿತ್ತು.”

ಅಕ್ಕ ಬ್ಯೂರೆಟ್ಟನ್ನು ಮತ್ತೆ ಅದೇ ಗೆರೆಗೆ ತುಂಬಿಸಿ, ಎಂಟು ಇಂಚಿನ ಮಣೆಯನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ. ಮೇಡಂ ಬಾಗಿಲ ಕಡೆ ನೋಡುತ್ತಾರೆ. ಯಾರೂ ಇಲ್ಲ. ಚಪ್ಪಲಿ ಬಿಟ್ಟು ಹತ್ತುತ್ತಾರೆ.

“ಸೊನ್ನೆ.” ಇಳಿದು ನೋಡುತ್ತಾರೆ: ಪಾಯಿಂಟ್ ಮೂರು. ಮತ್ತೆ ಹತ್ತುತ್ತಾರೆ. “ಅಯ್ಯೋ, ಸೊನ್ನೆನೇ ಕಣಮ್ಮ!”

ಅಷ್ಟರಲ್ಲಿ ಗುಜರಿಯವನು ಬಾಗಿಲಲ್ಲಿ ಇಣುಕುತ್ತಾನೆ. “ಅಮ್ಮ, ಮರದ ಸಾಮಾನು ಇನ್ನೂ ಇದೆ ಅಂದ್ರು?”

ಮೇಡಂ ಮಣೆಯ ಮೇಲಿಂದಲೇ ಉತ್ತರಿಸುತ್ತಾರೆ: “ಇಲ್ಲಿ ಮರದ ಸಾಮಾನು ಯಾವುದೂ ಇಲ್ಲಪ್ಪ. ಇವು ಅಳತೆಯ ಉಪಕರಣ.” ಇಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಕ್ಕನ ಕಡೆ ತಿರುಗುತ್ತಾರೆ. “ಎಡವದ ಹಾಗೆ ಅಂಚಿಗೆ ಹಳದಿ ಬಣ್ಣ ಬಳಿದುಬಿಡು. ನಾನು ಹತ್ತಿದ್ದು ಮಾತ್ರ ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ ಮೇಡಂ? ಗುಜರಿಯವನ ಬಾಯಿಗೆ ಮಾತ್ರ ನಾನು ಜವಾಬ್ದಾರಿ ಅಲ್ಲ,” ಎನ್ನುತ್ತಾರೆ ಅಕ್ಕ. ಮೇಡಂ ನಗು ತಡೆಯಲಾರದೆ ಹೊರನಡೆಯುತ್ತಾರೆ.

ಒಂಬತ್ತೂವರೆಗೆ ಮೊದಲ ಬ್ಯಾಚು ನುಗ್ಗುತ್ತದೆ. ಕೊನೆಯ ಮೇಜಿನ ಹುಡುಗಿ ಯಾರೂ ಹೇಳದೆಯೇ ಹನ್ನೆರಡು ಇಂಚಿನ ಮಣೆ ಎಳೆದುಕೊಂಡು ಹತ್ತುತ್ತಾಳೆ. ಬಣ್ಣ ಇನ್ನೂ ಆರಿಲ್ಲ. ಅವಳ ಕಾಲಿನ ಹೆಬ್ಬೆರಳು ಹಳದಿಯಾಗುತ್ತದೆ. “ಅಕ್ಕಾ!” ಎಂದು ಚೀರುತ್ತಾಳೆ. “ಕಾಲು ಆಮೇಲೆ ನೋಡ್ಕೋ, ಮೊದಲು ಗೆರೆ ನೋಡು!” ಎಂದು ಗದರುತ್ತಾರೆ ಅಕ್ಕ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಅಷ್ಟರೊಳಗೆ ಗಂಡನ ಕೈಯಲ್ಲಿ ನಾಲ್ಕನೆಯ ಮಣೆ ಮಾಡಿಸಬೇಕು ಎಂಬುದೊಂದೇ ಅವರ ಆಸೆ. ಈಗೀಗ ಮೂರು ಸಾಲುತ್ತಿಲ್ಲವಂತೆ.

“ದೊಡ್ಡ ಕೆಲಸ ಏನೂ ಮಾಡಿಲ್ಲ ನಾನು,” ಸಿಂಕಿನ ನಲ್ಲಿ ತಿರುಗಿಸುತ್ತಾ ಹೇಳುತ್ತಾರೆ ಅಕ್ಕ. “ಓದದೆ ಫೇಲಾದವರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಕುಳ್ಳಗಿದ್ದೀನಿ ಅಂತ ಈ ಲ್ಯಾಬಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬರೂ ಫೇಲಾಗಿಲ್ಲ.”